ವರ್ಗಮೂಲ ಸಿಗದ ಲಿಂಕರ್

ಸಿ ಕಲಿಯುವವರಿಗೆ ನಾನು ಮೊದಲು ಕೊಡುವುದು ಈ ಪುಟ್ಟ ಒಗಟು. ಪ್ರಿಂಟ್‌ಎಫ್ ಒಳಗೆ 2.0ರ ವರ್ಗಮೂಲ ಕೇಳಿ, ಲಿನಕ್ಸ್‌ನಲ್ಲಿ ಜಿಸಿಸಿಗೆ ಕೊಡಿ. ತಕರಾರಿಲ್ಲದೆ ಓಡುತ್ತದೆ. ಈಗ ಆ 2.0 ತೆಗೆದು, ಸ್ಕ್ಯಾನ್‌ಎಫ್‌ನಿಂದ ಓದಿಕೊಂಡ ಎಕ್ಸ್ ಹಾಕಿ. ಕೂಡಲೇ ಬರುತ್ತದೆ: 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯುಆರ್‌ಟಿ'.

ಮ್ಯಾಥ್ ಹೆಡರ್ ಸೇರಿಸಿದ್ದೇನಲ್ಲ ಎಂದು ಎಲ್ಲರೂ ವಾದಿಸುತ್ತಾರೆ. ಲಗ್ನಪತ್ರಿಕೆ ಅಚ್ಚಾದ ಮಾತ್ರಕ್ಕೆ ಅಡುಗೆ ಆಗುತ್ತದೆಯೇ? ಇಂಥ ಫಂಕ್ಷನ್ ಇದೆ, ಡಬಲ್ ತೆಗೆದುಕೊಂಡು ಡಬಲ್ ಕೊಡುತ್ತದೆ ಎಂದಷ್ಟೇ ಹೆಡರ್ ಹೇಳುವುದು. ಕಂಪೈಲರ್‌ಗೆ ಅಷ್ಟು ಸಾಕು. ಅಸಲು ಕೋಡ್ ಇರುವುದು ಲಿಬ್‌ಎಂ ಎಂಬ ಪ್ರತ್ಯೇಕ ಲೈಬ್ರರಿಯಲ್ಲಿ. ಅದನ್ನು ಹುಡುಕಿ ಜೋಡಿಸುವುದು ಲಿಂಕರ್ ಕೆಲಸ. ಮೊದಲ ಸಲ ಹೇಗೆ ನಡೆಯಿತು ಅಂದರೆ, 2.0 ಬದಲಾಗದ ಸಂಖ್ಯೆಯಾದ್ದರಿಂದ ಜಿಸಿಸಿ ತಾನೇ ಲೆಕ್ಕ ಹಾಕಿ ಉತ್ತರ ಬರೆದುಬಿಟ್ಟಿತ್ತು. ಲೈಬ್ರರಿಯ ಹಂಗೇ ಬೇಕಾಗಲಿಲ್ಲ.

ಪಿಥ್ರೆಡ್ ಲೈಬ್ರರಿ ಕೂಡ ಹೀಗೇ ಬೇರೆ ಇತ್ತು; 2021ರಲ್ಲಿ ಬಂದ ಜಿಲಿಬ್‌ಸಿ 2.34 ಅದನ್ನು ಲಿಬ್‌ಸಿಯೊಳಗೇ ಸೇರಿಸಿಕೊಂಡಿತು. ಲಿಬ್‌ಎಂ ಮಾತ್ರ ಇಂದಿಗೂ ಬೇರೆ.

ಮದ್ದು ಎಲ್ಲರಿಗೂ ಗೊತ್ತು: ಹೈಫನ್ ಎಲ್‌ಎಂ. ಆದರೆ ಎಲ್ಲಿ ಹಾಕಬೇಕು? ಸೋರ್ಸ್ ಫೈಲಿಗಿಂತ ಮೊದಲು ಹಾಕಿದರೆ ಉಬುಂಟುವಿನಲ್ಲಿ ಅದೇ ಎರರ್ ಮತ್ತೆ ಎದುರು ನಿಲ್ಲುತ್ತದೆ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಲೈಬ್ರರಿ ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಯಾವ ಹೆಸರುಗಳು ಬಾಕಿ ಇವೆಯೋ ಅವಕ್ಕಷ್ಟೇ ಅಲ್ಲಿ ಹುಡುಕುತ್ತದೆ. ಆಗ ಯಾವುದೂ ಬಾಕಿ ಇಲ್ಲದಿದ್ದರೆ ಲೈಬ್ರರಿಯನ್ನೇ ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಕೇಳುವವರು ಮೊದಲು, ಕೊಡುವವರು ಆಮೇಲೆ.

ಎರರ್ ಓದುವ ರೀತಿಯಲ್ಲೂ ನಮ್ಮವರು ಎಡವುತ್ತಾರೆ. ಕಣ್ಣು ಹೋಗುವುದು 'ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್' ಎಂಬ ಕೊನೆಯ ಸಾಲಿಗೆ. ಅದರಷ್ಟು ನಿಷ್ಪ್ರಯೋಜಕ ಸಾಲು ಇನ್ನೊಂದಿಲ್ಲ: ಲಿಂಕರ್ ಸೋತಿದೆ ಎನ್ನುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ. ಸುಳಿವು ಅದರ ಮೇಲಿದೆ, ಫಂಕ್ಷನ್ ಹೆಸರಿನ ಸಮೇತ. ಅನುಮಾನ ಉಳಿದರೆ ಆಬ್ಜೆಕ್ಟ್ ಫೈಲಿನ ಮೇಲೆ ಎನ್‌ಎಂ ಕಮಾಂಡ್ ಓಡಿಸಿ. ಹೆಸರಿನ ಪಕ್ಕ ದೊಡ್ಡ ಯು ಇದ್ದರೆ ಅದನ್ನು ಹೊರಗಿನಿಂದ ತರಬೇಕು; ದೊಡ್ಡ ಟಿ ಇದ್ದರೆ ಕೋಡ್ ಅಲ್ಲೇ ಇದೆ. ನನ್ನ ಮಟ್ಟಿಗೆ ಡೀಬಗರ್‌ಗಿಂತ ರುಚಿಯಾದ ಸಾಧನ ಇದು.

ಇದರ ತದ್ವಿರುದ್ಧ ಕಾಟವೂ ಉಂಟು, 'ಮಲ್ಟಿಪಲ್ ಡೆಫಿನಿಷನ್'. ಹೆಡರ್‌ನಲ್ಲಿ 'ಇಂಟ್ ಕೌಂಟ್' ಎಂದು ಬರೆದು ಎರಡು ಫೈಲುಗಳಲ್ಲಿ ಸೇರಿಸಿದರೆ ಹಳೆಯ ಜಿಸಿಸಿ ಎರಡನ್ನೂ ಒಂದಾಗಿಸಿ ಸುಮ್ಮನಾಗುತ್ತಿತ್ತು. 2020ರ ಜಿಸಿಸಿ 10ರಿಂದ ಆ ರಿಯಾಯಿತಿ ನಿಂತಿತು; ವರ್ಷಗಟ್ಟಲೆ ನೆಟ್ಟಗೆ ಬಿಲ್ಡ್ ಆಗುತ್ತಿದ್ದ ಎಷ್ಟೋ ಪ್ರೋಗ್ರಾಂಗಳು ಮುಗ್ಗರಿಸಿದವು. ಹಳೆಯ ಫ್ಲಾಗ್ ಹಾಕಿ ಬಾಯಿ ಮುಚ್ಚಿಸಬಹುದು. ನಾನಂತೂ ಹಾಕುವುದಿಲ್ಲ, ಹೆಡರ್‌ನಲ್ಲಿ ಎಕ್ಸ್‌ಟರ್ನ್ ಬರೆದು, ಒಂದೇ ಒಂದು ಫೈಲಿನಲ್ಲಿ ನಿಜವಾದ ಕೌಂಟ್ ಇಡುತ್ತೇನೆ.