ಡೊರೊತಿ ಡೇ ಅವರ ಆತ್ಮಕಥೆಯಲ್ಲಿ ಅತಿಥಿಧರ್ಮವೂ ಪ್ರತಿಭಟನೆಯೂ

ಹಸಿದು ಬಂದವನಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂಬುದನ್ನು ಯಾವ ಮತವೂ ಅಲ್ಲಗಳೆಯುವುದಿಲ್ಲ. ಅವನು ಹಸಿದದ್ದೇಕೆಂದು ಬೀದಿಯಲ್ಲಿ ನಿಂತು ಕೇಳುವುದೂ ಆ ಪುಣ್ಯದ ಭಾಗವೇ ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ಅಮೆರಿಕದ ಡೊರೊತಿ ಡೇ (1897-1980) ಅವರು 1952ರಲ್ಲಿ ಪ್ರಕಟಿಸಿದ 'ದಿ ಲಾಂಗ್ ಲೋನ್‌ಲಿನೆಸ್' ಎಂಬ ಆತ್ಮಕಥೆಯನ್ನು ಈ ಪ್ರಶ್ನೆಯೊಡನೆ ಓದತಕ್ಕದ್ದು. ಅದನ್ನು ಮತಾಂತರದ ಕಥೆಯೆಂದಷ್ಟೇ ಓದುವ ರೂಢಿಯು ಗ್ರಂಥದ ಅರ್ಧವನ್ನು ಮರೆಮಾಡುತ್ತದೆ.

ಘಟನೆಗಳ ಕ್ರಮವೇ ಇಲ್ಲಿ ಗಮನಾರ್ಹ. 1917ರಲ್ಲಿ ಸ್ತ್ರೀಯರ ಮತಾಧಿಕಾರಕ್ಕಾಗಿ ವಾಷಿಂಗ್‌ಟನ್ನಿನಲ್ಲಿ ಸೆರೆಮನೆ ಸೇರಿದ್ದ ಆಕೆ 1927ರಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದರು. 1932ರ ಡಿಸೆಂಬರಿನಲ್ಲಿ ನಿರುದ್ಯೋಗಿಗಳ ಹಸಿವಿನ ಯಾತ್ರೆಯನ್ನು ವರದಿ ಮಾಡಲು ಅದೇ ನಗರಕ್ಕೆ ಹೋದಾಗ, ತಾವು ಪಕ್ಕದಲ್ಲಿ ನಿಂತು ನೋಡುವವರಾಗಿಬಿಟ್ಟೆವೆಂಬ ವ್ಯಥೆ ಅವರನ್ನು ಕಾಡಿತು. ದೇವಾಲಯದಲ್ಲಿ ಪ್ರಾರ್ಥಿಸಿ ನ್ಯೂಯಾರ್ಕಿಗೆ ಮರಳಿದ ಅವರಿಗೆ ಫ್ರಾನ್ಸಿನ ರೈತಮೂಲದ ಪೀಟರ್ ಮೋರಿನ್ನರ ಭೇಟಿಯಾಯಿತು. 1933ರ ಮೇ 1ರಂದು 'ಕ್ಯಾಥೊಲಿಕ್ ವರ್ಕರ್' ಪತ್ರಿಕೆ ಒಂದು ಸೆಂಟಿನ ಬೆಲೆಗೆ ಹೊರಬಂದಿತು. ಅತಿಥಿಗೃಹಗಳು ಅದರ ಬೆನ್ನಿಗೇ ಹುಟ್ಟಿದವು. ಅಂದರೆ ಯಾತ್ರೆ ಮೊದಲು, ಪಂಕ್ತಿ ಅನಂತರ.

ಮೋರಿನ್ನರಿಗಾದರೋ ಮುಷ್ಕರಗಳಲ್ಲಿ ನಂಬಿಕೆಯಿರಲಿಲ್ಲ. ಅತಿಥಿಗೃಹ, ಬೇಸಾಯದ ಸಮುದಾಯ, ವಿಚಾರಗೋಷ್ಠಿ, ಇವಿಷ್ಟೇ ಅವರ ಮಾರ್ಗ. ಡೇ ಅವರು ಹಾಗಲ್ಲ. 1936ರ ನಾವಿಕರ ಮುಷ್ಕರದಲ್ಲಿ ಅವರ ಬಳಗವು ಬಂದರಿನ ಸಮೀಪ ಅಂಗಡಿಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಮುಷ್ಕರಗಾರರಿಗೆ ಕಾಫಿ ರೊಟ್ಟಿಗಳನ್ನು ಒದಗಿಸಿತು. ಉಂಡವನು ಎದ್ದುಹೋಗಿ ಮತ್ತೆ ಮುಷ್ಕರದ ಸಾಲಿನಲ್ಲಿ ನಿಲ್ಲುವಾಗ ಬಡಿಸಿದವರು ಆ ವ್ಯಾಜ್ಯದಲ್ಲಿ ತಟಸ್ಥರಾಗಿ ಉಳಿಯಲಾರರು. ಗುರುವಿಗೂ ಶಿಷ್ಯೆಗೂ ಇದ್ದ ಈ ಭಿನ್ನತೆಯನ್ನು ಗ್ರಂಥಕರ್ತ್ರಿ ಕೃತಜ್ಞತೆಯ ಭರದಲ್ಲಿ ಮೃದುಗೊಳಿಸಿದ್ದಾರೆ. ಆತ್ಮಕಥೆಯ ಮುಖ್ಯವಾದ ಕುಂದು ಇದೇ. ತರ್ಕದಿಂದ ಬಿಡಿಸಬೇಕಾದ ಗಂಟನ್ನು ಪ್ರೀತಿಯ ಮಾತಿನಿಂದ ಮುಚ್ಚಿದಂತಾಗಿದೆ.

ಕನ್ನಡದಲ್ಲಿ ಈ ಗೃಹಗಳ ಧರ್ಮವನ್ನು 'ಅತಿಥಿಸತ್ಕಾರ'ವೆಂದರೆ ಅರ್ಥ ಸೊರಗುತ್ತದೆ. ಸತ್ಕಾರದಲ್ಲಿ ಮನೆಯೊಡೆಯನು ಒಡೆಯನಾಗಿಯೇ ಉಳಿಯುತ್ತಾನೆ. ದಾಸೋಹದಲ್ಲಿ ನೀಡುವವನೇ ದಾಸ. ಸಂಬಳವಿಲ್ಲದೆ, ಅತಿಥಿಗಳೊಡನೆ ಅದೇ ಮನೆಯಲ್ಲಿ ಬಡವರಾಗಿ ಬಾಳಿದ ಡೇ ಅವರ ಬಳಗಕ್ಕೆ ಎರಡನೆಯ ಪದವೇ ಹತ್ತಿರ. ಎರಡೂ ಒಂದೇ ಎನ್ನುವಂತಿಲ್ಲ. ದಾಸೋಹಕ್ಕೆ ಕಾಯಕವು ನೆಲೆಯಾದರೆ, ಇವರಿಗೆ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವು ನೆಲೆ. ಅಲ್ಲಿ ಹಸಿದವನೂ ಪರದೇಶಿಯೂ ಸೆರೆಯಲ್ಲಿರುವವನೂ ಕ್ರಿಸ್ತನೇ.

ಸೆರೆಯಾಳನ್ನು ಸಂದರ್ಶಿಸುವುದರಿಂದ ತಾವೇ ಸೆರೆಯಾಳಾಗುವವರೆಗೆ ಅವರು ನಡೆದದ್ದು ಗ್ರಂಥ ಪ್ರಕಟವಾದ ಮೇಲೆ ಇನ್ನಷ್ಟು ಸ್ಪಷ್ಟವಾಯಿತು. ಅಣುಬಾಂಬಿನ ದಾಳಿಯಾದರೆ ಅಡಗುವ ಕವಾಯತನ್ನು 1955ರಲ್ಲಿ ನ್ಯೂಯಾರ್ಕ್ ಕಡ್ಡಾಯಗೊಳಿಸಿದಾಗ ಅವರು ಸಂಗಡಿಗರೊಡನೆ ಉದ್ಯಾನದಲ್ಲಿ ಬಹಿರಂಗವಾಗಿ ಕುಳಿತು ಬಂಧಿತರಾದರು. 1957ರಲ್ಲಿ 30 ದಿನಗಳ ಶಿಕ್ಷೆಯಾಯಿತು. ಪ್ರತಿಭಟಿಸುವವರ ಸಂಖ್ಯೆ ಬೆಳೆದು, 1961ರ ನಂತರ ಆ ಕವಾಯತೇ ನಿಂತಿತು. ಇದಕ್ಕೂ ಮೊದಲು, 1949ರಲ್ಲಿ, ಗೋರಿ ತೋಡುವವರ ಮುಷ್ಕರವಾದಾಗ ಎದುರುಪಕ್ಷದಲ್ಲಿದ್ದವರು ಸ್ವತಃ ಕಾರ್ಡಿನಲ್ ಸ್ಪೆಲ್‌ಮನ್ನರು. ಡೇ ಅವರು ಕಾರ್ಮಿಕರ ಪಕ್ಷವನ್ನೇ ವಹಿಸಿದರು. ಚರ್ಚನ್ನು ತೊರೆಯಲೂ ಇಲ್ಲ.

1960ರ ಪ್ರಸಂಗವೊಂದು ಲೆಕ್ಕಪತ್ರಗಳ ಪರಿಚಯವುಳ್ಳವರಿಗೆ ವಿಶೇಷ ಕುತೂಹಲಕರ. ನಗರಸಭೆಯು ಕ್ರಿಸ್ಟಿ ಬೀದಿಯ ಅತಿಥಿಗೃಹವನ್ನು ವಶಪಡಿಸಿಕೊಂಡು 68,700 ಡಾಲರ್ ಪರಿಹಾರ ಗೊತ್ತುಮಾಡಿತು. ಹಣ ಸಂದಾಯವಾಗಲು ತಡವಾದ್ದರಿಂದ 3,579 ಡಾಲರಿಗೂ ಮಿಕ್ಕು ಬಡ್ಡಿ ಸೇರಿತು. ಬಡ್ಡಿ ಪಡೆಯುವುದು ಧರ್ಮವಲ್ಲವೆಂದು ಡೇ ಅವರು ಅಷ್ಟನ್ನೂ ಪತ್ರಸಹಿತ ಖಜಾನೆಗೆ ಹಿಂದಿರುಗಿಸಿದರು. ಆ ಮೊತ್ತದಿಂದ ಎಷ್ಟು ದಿನಗಳ ಗಂಜಿ ನಡೆಯಬಹುದಿತ್ತೆಂದು ವ್ಯವಹಾರಸ್ಥರು ಕೇಳಿಯಾರು. ಕೇಳುವುದು ನ್ಯಾಯವೂ ಹೌದು. ಆದರೆ ಬಡತನವನ್ನು ಉಂಟುಮಾಡುವ ವ್ಯವಸ್ಥೆಯ ವಿರುದ್ಧ ಬೀದಿಗಿಳಿದವರು ಅದರ ಲಾಭದಿಂದಲೇ ಅನ್ನ ಬೇಯಿಸುವುದು ಸಲ್ಲದೆಂಬ ಅವರ ನಿಲುವು ಹುಡುಗಾಟದ್ದಲ್ಲ. 1973ರಲ್ಲಿ ಕ್ಯಾಲಿಫೋರ್ನಿಯದ ಹೊಲಗೂಲಿಗಳೊಡನೆ ಕೊನೆಯ ಬಾರಿ ಬಂಧಿತರಾದಾಗ ಆಕೆಗೆ 75 ವರ್ಷ.