ಮರೆಮಾಚದ ಮೌನ: ಸೀಜಿನ್‌ಕೋಟ್ ಮನೆಯ ಒಂದು ಓದು

ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡಮನೆಗಳನ್ನು ವಸಾಹತು ಚರಿತ್ರೆಯ ಬೆಳಕಿನಲ್ಲಿ ಓದುವುದನ್ನು ಸಾಹಿತ್ಯ ವಿಮರ್ಶೆ ಬಹುಮಟ್ಟಿಗೆ ಎಡ್ವರ್ಡ್ ಸೈದ್ ಅವರಿಂದ ಕಲಿಯಿತು. ಜೇನ್ ಆಸ್ಟಿನ್‌ಳ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ (1814) ಕಾದಂಬರಿಯಲ್ಲಿ ಆ್ಯಂಟಿಗಾ ದ್ವೀಪದ ಮಾತು ಬರುವುದು ಅಲ್ಲೊಮ್ಮೆ ಇಲ್ಲೊಮ್ಮೆ ಮಾತ್ರ. ಆದರೆ ಆ ಮನೆಯ ಶಿಸ್ತು, ಸಂಪತ್ತು, ನೆಮ್ಮದಿಗಳೆಲ್ಲ ಆ ದ್ವೀಪದ ತೋಟಕ್ಕೆ ಆತುಕೊಂಡಿವೆ ಎಂದು ಸೈದ್ 1993ರಲ್ಲಿ ವಾದಿಸಿದರು. ಅಲ್ಲಿಂದ ಮುಂದೆ, ಮರೆಯಾದದ್ದನ್ನು ಹೊರತೆಗೆಯುವುದೇ ಇಂಥ ಓದಿನ ರೂಢಿಯಾಯಿತು. ಹಾಗಾದರೆ ಏನನ್ನೂ ಮರೆಮಾಚದ ಮನೆಯನ್ನು, ವಸಾಹತನ್ನು ಗುಮ್ಮಟವಾಗಿ ತಲೆಯ ಮೇಲೆಯೇ ಹೊತ್ತ ಮನೆಯನ್ನು, ಓದುವುದು ಹೇಗೆ?

ಗ್ಲಾಸ್ಟರ್‌ಶೈರಿನ ಸೀಜಿನ್‌ಕೋಟ್ ಅಂಥ ಮನೆ. (ಹೆಸರಿನ ಕೊನೆಯ ‘ಕೋಟ್’ ಕನ್ನಡದ ಕಿವಿಗೆ ಕೋಟೆಯೆಂದು ಕೇಳಿಸಬಹುದು, ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಗುಡಿಸಲು.) ಬಂಗಾಳದಿಂದ ಮರಳಿದ ಕರ್ನಲ್ ಜಾನ್ ಕಾಕೆರೆಲ್ 1795ರಲ್ಲಿ ಈ ಜಮೀನನ್ನು ಕೊಂಡ. 1798ರಲ್ಲಿ ಅವನು ತೀರಿಕೊಂಡ ಮೇಲೆ ಅದು ತಮ್ಮ ಚಾರ್ಲ್ಸನ ಕೈಸೇರಿತು. ಚಾರ್ಲ್ಸ್ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಕಲ್ಕತ್ತೆಯ ಏಜೆನ್ಸಿ ಹೌಸ್ ಒಂದರ ಪಾಲುದಾರನೂ ಹೌದು. ಕಂಪನಿಯ ಅಧಿಕಾರಿಗಳು ಭಾರತದಲ್ಲಿ ಕೂಡಿಹಾಕಿದ ಹಣವನ್ನು ಬಡ್ಡಿಗೆ ಬಿಡುವುದು, ವ್ಯಾಪಾರದಲ್ಲಿ ತೊಡಗಿಸುವುದು, ಕೊನೆಗೆ ಲಂಡನ್ನಿಗೆ ದಾಟಿಸುವುದು ಇಂಥ ಸಂಸ್ಥೆಗಳ ಕಸುಬು. ಇನ್ನೊಬ್ಬ ಸಹೋದರ ಸ್ಯಾಮ್ಯುಯೆಲ್ ಪೆಪೀಸ್ ಕಾಕೆರೆಲ್ ವಾಸ್ತುಶಿಲ್ಪಿ. ವಾರನ್ ಹೇಸ್ಟಿಂಗ್ಸನಿಗಾಗಿ, ಅವನ ಮಹಾಭಿಯೋಗ ನಡೆಯುತ್ತಿದ್ದ ವರ್ಷಗಳಲ್ಲೇ, ಹತ್ತಿರದ ಡೇಲ್ಸ್‌ಫರ್ಡ್‌ನಲ್ಲಿ ಮನೆ ಕಟ್ಟಿಕೊಟ್ಟವನು ಇವನೇ. ಸೀಜಿನ್‌ಕೋಟಿನ ಇಂದಿನ ರೂಪ ಸುಮಾರು 1805ರಿಂದ ಸಿದ್ಧವಾದದ್ದು. ಹಣ ಒಬ್ಬ ಅಣ್ಣತಮ್ಮನದು, ನಕ್ಷೆ ಇನ್ನೊಬ್ಬನದು. ನಕ್ಷೆ ಬರೆದವನು ಭಾರತವನ್ನು ಕಂಡವನೇ ಅಲ್ಲ.

ಕಣ್ಣಿಗೆ ಮೊದಲು ಬೀಳುವುದು ಹಸಿರುಗಟ್ಟಿದ ತಾಮ್ರದ ಗುಮ್ಮಟ. ಅದು ಈರುಳ್ಳಿಯಾಕಾರದ್ದು. ಮೂಲೆಗಳಲ್ಲಿ ಛತ್ರಿಗಳು, ಕಿಟಕಿಗಳ ಮೇಲೆ ಗರಿಗೆದರಿದ ನವಿಲಿನಂಥ ಕಮಾನು, ಗೋಡೆಯುದ್ದಕ್ಕೂ ಮುಂಚಾಚಿದ ಛಜ್ಜಾ. ಈ ಛಜ್ಜಾದ ಬಳಿ ಸ್ವಲ್ಪ ನಿಲ್ಲಬೇಕು. ಕನ್ನಡ ನಾಡಿನ ಗಾರೆ ಕೆಲಸದವರು ಇಂದಿಗೂ ‘ಸಜ್ಜಾ’ ಎನ್ನುವ ಈ ಚಾಚು ನೆತ್ತಿಯ ಬಿಸಿಲನ್ನೂ ಬಿರುಮಳೆಯನ್ನೂ ತಡೆಯಲು ಹುಟ್ಟಿದ್ದು. ಬಿಸಿಲಿಗಾಗಿ ಹಂಬಲಿಸುವ ಕಾಟ್ಸ್‌ವಲ್ಡ್ಸ್ ಗುಡ್ಡಗಳಲ್ಲಿ ನೆರಳಿನ ಅಗತ್ಯ ಯಾರಿಗಿದೆ? ಇಲ್ಲಿ ಛಜ್ಜಾ ಕೆಲಸ ಬಿಟ್ಟು ಅಲಂಕಾರವಾಗಿದೆ. ವ್ಯಾಕರಣ ಕಳೆದುಕೊಂಡು ಉಚ್ಚಾರವಷ್ಟೇ ಉಳಿದ ಎರವಲು ಪದದ ಹಾಗೆ.

ಬಾಗಿಲು ದಾಟಿದರೆ ಭಾರತ ಮುಗಿಯಿತು. ಊಟದ, ಮಾತುಕತೆಯ ಕೋಣೆಗಳ ವಿನ್ಯಾಸವೆಲ್ಲ ಆ ಕಾಲದ ಇಂಗ್ಲಿಷ್ ಕುಲೀನರು ಒಪ್ಪಿದ ಗ್ರೀಕ್-ರೋಮನ್ ಮಾದರಿ. ಹೀಗಾಗಿ ಈ ಮನೆಯನ್ನು ‘ಸಂಗಮ’, ‘ಸಮನ್ವಯ’ ಎಂದು ಕರೆಯುವ ಬರಹಗಳನ್ನು ಒಪ್ಪುವುದು ಕಷ್ಟ. ಸಂಗಮದಲ್ಲಿ ಎರಡು ನೀರೂ ಬೆರೆಯುತ್ತವೆ. ಇಲ್ಲಿ ಒಂದು ಚರ್ಮ, ಇನ್ನೊಂದು ಎಲುಬು. ಭಾರತ ಇರುವುದು ನೋಡುವವರಿಗಾಗಿ, ಬಾಳುವವರಿಗಲ್ಲ.

ಆ ಚರ್ಮ ಬಂದದ್ದು ಚಿತ್ರಗಳ ಮೂಲಕ. 1786ರಿಂದ 1793ರವರೆಗೆ ಸಹೋದರನ ಮಗ ವಿಲಿಯಮ್ಮನ ಜೊತೆ ಭಾರತ ಸುತ್ತಿದ ಥಾಮಸ್ ಡೇನಿಯಲ್, 144 ಚಿತ್ರಗಳ ‘ಓರಿಯೆಂಟಲ್ ಸೀನರಿ’ಯನ್ನು 1795ರಿಂದ 1808ರವರೆಗೆ ಬಿಡಿಬಿಡಿಯಾಗಿ ಪ್ರಕಟಿಸಿದ. ಸೀಜಿನ್‌ಕೋಟಿನ ತೋಟದ ರಚನೆಗಳಿಗೆ ಸಲಹೆ ಕೊಟ್ಟವನೂ ಅವನೇ: ಸೂರ್ಯನ ಗುಡಿ, ನೀರಿನ ನಡುವೆ ಹೆಡೆಯೆತ್ತಿದ ಸರ್ಪ, ಎಲಿಫೆಂಟಾ ಗುಹೆಯ ಕಂಬಗಳನ್ನು ನೆನಪಿಸುವ ಸೇತುವೆ, ಅದರ ಮೇಲೆ ಮಲಗಿದ ಬಸವಗಳು. ಶಿವನಿಲ್ಲದ ಬಸವಗಳು ಇಲ್ಲಿ ಕಾಯುವುದು ಗರ್ಭಗುಡಿಯನ್ನಲ್ಲ, ಮನೆಗೆ ಬರುವ ದಾರಿಯನ್ನು.

ಗಡಿನಾಡಿನ ಓದುಗರಿಗೆ ಇಲ್ಲಿ ಇನ್ನೊಂದು ಎಳೆ ಸಿಗುತ್ತದೆ. 1792ರಲ್ಲಿ ಡೇನಿಯಲ್‌ರು ಮದರಾಸಿನಿಂದ ಹೊರಟು, ಮೂರನೆಯ ಮೈಸೂರು ಯುದ್ಧದ ಸೇನೆ ಆಗಷ್ಟೇ ತುಳಿದ ನಾಡಿನಲ್ಲಿ ಸಾಗಿದರು. ಹೊಸೂರಿನ ನೆರೆಯ ರಾಯಕೋಟೆ ಮೊದಲಾದ ಬಾರಾಮಹಲಿನ ದುರ್ಗಗಳನ್ನು ಬರೆದರು. ಅದೇ ವರ್ಷದ ಶ್ರೀರಂಗಪಟ್ಟಣ ಒಪ್ಪಂದ ಬಾರಾಮಹಲನ್ನು ಟಿಪ್ಪುವಿನಿಂದ ಕಿತ್ತು ಕಂಪನಿಗೆ ಕೊಟ್ಟಿತ್ತು. ಆ ಚಿತ್ರಗಳಲ್ಲಿ ದುರ್ಗಗಳು ರಮ್ಯ ಬೆಟ್ಟಗಳಾಗಿ ನಿಲ್ಲುತ್ತವೆ. ಮನೆ ಕಟ್ಟುವಾಗ ಅವೂ ಬೇಕಾಗಲಿಲ್ಲ. ಗೋರಿಗಳ ಗುಮ್ಮಟ, ಗುಡಿಗಳ ಬಸವ ಆಯ್ಕೆಯಾದವು. ಇತ್ತೀಚೆಗಷ್ಟೇ ಸೆಣಸಿದ್ದ ಕೋಟೆಗಳು ಆಯ್ಕೆಯಾಗಲಿಲ್ಲ. ಯಾವುದನ್ನು ತಂದರು ಎಂಬಷ್ಟೇ ಯಾವುದನ್ನು ಬಿಟ್ಟರು ಎಂಬುದೂ ಅನುವಾದದ ವಿಮರ್ಶೆಗೆ ಮುಖ್ಯ.

ಹೆಸರಿಡುವುದರಲ್ಲೂ ಇದೇ ಸಡಿಲು ಕಾಣುತ್ತದೆ. ಮೊಘಲ್ ಗುಮ್ಮಟಕ್ಕೂ ದೇಗುಲದ ಕಂಬಕ್ಕೂ ಅಂದಿನ ಇಂಗ್ಲಿಷರು ಎಷ್ಟೋ ಸಲ ‘ಹಿಂದೂ’ ಎಂಬ ಒಂದೇ ವಿಶೇಷಣ ಬಳಸಿದರು. ಉದ್ಯಾನ ವಿನ್ಯಾಸಕ ಹಂಫ್ರಿ ರೆಪ್ಟನ್ ಇಲ್ಲಿಂದ ಸ್ಫೂರ್ತಿ ಪಡೆದು ಬ್ರೈಟನ್ನಿನ ಅರಮನೆಗೆ ಭಾರತೀಯ ಶೈಲಿಯ ವಿನ್ಯಾಸ ಬರೆದ. 1807ರಲ್ಲಿ ಸೀಜಿನ್‌ಕೋಟಿಗೆ ಬಂದ ಯುವರಾಜನಿಗೆ ಈ ಬಗೆ ಮೆಚ್ಚುಗೆಯಾಯಿತು. ಕೊನೆಗೆ 1815ರಿಂದ ಬ್ರೈಟನ್ನಿನಲ್ಲಿ ಅದನ್ನು ಕಟ್ಟಿದವನು ಜಾನ್ ನ್ಯಾಶ್. ಒಂದು ಕುಟುಂಬದ ಹಣದ ಗುರುತಾಗಿದ್ದದ್ದು ಹೀಗೆ ರಾಜಮನೆತನದ ಅಭಿರುಚಿಯಾಯಿತು.

ಶೈಲಿಯ ಚರಿತ್ರೆ ಇಲ್ಲಿಗೆ ತೃಪ್ತವಾಗಿ ನಿಲ್ಲುತ್ತದೆ, ತೊಡಕಿರುವುದೂ ಅಲ್ಲಿಯೇ. ಗುಮ್ಮಟ ಯಾವ ಗೋರಿಯ ನಕಲು ಎಂದು ಹುಡುಕುವ ಓದು, ಗುಮ್ಮಟಕ್ಕೆ ಹಣ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಭಾರತ ಕಣ್ಣೆದುರೇ ಇರುವುದರಿಂದ ಅದರ ಬಗ್ಗೆ ಎಲ್ಲವನ್ನೂ ಹೇಳಿದಂತೆ ಭಾಸವಾಗುತ್ತದೆ. ಮಾರ್ಗಟ್ ಫಿನ್ ಮತ್ತು ಕೇಟ್ ಸ್ಮಿತ್ ಸಂಪಾದಿಸಿದ ‘ದಿ ಈಸ್ಟ್ ಇಂಡಿಯಾ ಕಂಪನಿ ಅಟ್ ಹೋಮ್’ (2018) ಇಂಥ ಮನೆಗಳನ್ನು ಕುಟುಂಬ, ವಸ್ತು, ಹಣ ಈ ಮೂರರ ಜಾಲದಲ್ಲಿಟ್ಟು ನೋಡಿದ್ದರಿಂದ ಈ ಕೊರತೆ ತಕ್ಕಮಟ್ಟಿಗೆ ನೀಗಿದೆ. 2020ರಲ್ಲಿ ನ್ಯಾಷನಲ್ ಟ್ರಸ್ಟ್ ತನ್ನ 93 ತಾಣಗಳ ವಸಾಹತು ಹಾಗೂ ಗುಲಾಮಗಿರಿಯ ನಂಟನ್ನು ಪಟ್ಟಿ ಮಾಡಿದಾಗ ದೊಡ್ಡ ವಿವಾದವೇ ಎದ್ದಿತು. ಖಾಸಗಿ ಒಡೆತನದ ಸೀಜಿನ್‌ಕೋಟ್ ಆ ಪಟ್ಟಿಯ ವ್ಯಾಪ್ತಿಗೆ ಬರುವುದಿಲ್ಲ.

1944ರಲ್ಲಿ ಕ್ಲೈನ್‌ವರ್ಟ್ ಕುಟುಂಬ ಮನೆಯನ್ನು ಕೊಂಡು ದುರಸ್ತಿ ಮಾಡಿಸಿತು. 1960ರ ದಶಕದಲ್ಲಿ ದಕ್ಷಿಣದ ಬದಿಗೆ ಕಾಲುವೆ, ನೇರ ಹಾದಿಗಳಿರುವ ಮೊಘಲ್ ಮಾದರಿಯ ತೋಟವನ್ನು ಹಾಕಿಸಿತು. ಅಷ್ಟರಲ್ಲಿ ಸಾಮ್ರಾಜ್ಯ ಮುಗಿದು ಒಂದು ದಶಕವೇ ಕಳೆದಿತ್ತು. ತಿಳಿಯದೆ ನೋಡಿದವರಿಗೆ ಆ ತೋಟವೂ ಗುಮ್ಮಟದಷ್ಟೇ ಹಳೆಯದೆನಿಸುತ್ತದೆ.