ಗೈಡ್ ದಾಟಿಸಿಬಿಡುವ ಎಫೆಸ

ಟರ್ಕಿಯ ಕುಶಾದಾಸಿ ಬಂದರಿನಿಂದ ಹೊರಟ ಬಸ್ಸು ಪ್ರವಾಸಿಗರನ್ನು ಎಫೆಸದ ಮೇಲಿನ ಬಾಗಿಲಲ್ಲಿ ಇಳಿಸಿ ಕೆಳಗಿನ ಬಾಗಿಲಲ್ಲಿ ಮತ್ತೆ ಹತ್ತಿಸಿಕೊಳ್ಳುತ್ತದೆ. ನಡುವಿನ ಇಳಿಜಾರೇ ಪ್ರವಾಸ: ಕುರೇತರ ಬೀದಿ, ಸೆಲ್ಸಸ್ ಗ್ರಂಥಾಲಯದ ಮುಂಭಾಗ, ಬೆಟ್ಟದ ಮೈಯಲ್ಲಿ ಕೊರೆದ ಬೃಹತ್ ರಂಗಮಂದಿರ. ಆಮೇಲೆ ಬಸ್ಸು ಯೇಸುವಿನ ತಾಯಿ ಮರಿಯಮ್ಮನ ಮನೆಯೆಂದು ಹೆಸರಾದ ಬುಲ್ಬುಲ್ ಬೆಟ್ಟದ ಗುಡಿಗೆ ಏರುತ್ತದೆ. ಕನ್ನಡ ಬೈಬಲ್ ಓದಿದವರಿಗೆ ಎಫೆಸ ಹೊಸ ಹೆಸರಲ್ಲ. ಅಲ್ಲಿನ ಸಭೆಗೆ ಬರೆದ ಪತ್ರಿಕೆ, ಅಕ್ಕಸಾಲಿ ದೇಮೇತ್ರಿಯ ಎಬ್ಬಿಸಿದ ಗಲಭೆ ಅವರಿಗೆ ಗೊತ್ತು. ಅಂಥವರಿಗೂ ಈ ಪ್ರವಾಸ ಎರಡು ಬಿಡಿ ಊರುಗಳನ್ನು ತೋರಿಸಿ ಕಳಿಸುತ್ತದೆ: ಒಂದು ರೋಮನ್ನರ ಅಮೃತಶಿಲೆಯ ಊರು, ಇನ್ನೊಂದು ಭಕ್ತರ ಬೆಟ್ಟ. ಮೊದಲನೆಯದು ಎರಡನೆಯದಾಗಿ ಮಾರ್ಪಟ್ಟದ್ದು ಹೇಗೆ ಎಂಬ ಪ್ರಶ್ನೆಗೆ ದಾರಿಯಲ್ಲಿ ಎಲ್ಲೂ ಜಾಗವಿಲ್ಲ. ಪ್ರವಾಸದ ದೊಡ್ಡ ಕೊರತೆ ಇದೇ. ಆ ಮಾರ್ಪಾಟಿನ ಗುರುತುಗಳು ಕಾಲಬುಡದಲ್ಲೇ ಬಿದ್ದಿರುವುದರಿಂದ ಇದನ್ನು ಅನಿವಾರ್ಯವೆಂದು ಒಪ್ಪಲಾಗದು.

ಕುರೇತರ ಬೀದಿಯನ್ನೇ ನೋಡಿ. ಅಪೊಸ್ತಲ ಪೌಲ ಓಡಾಡಿದ ಒಂದನೆಯ ಶತಮಾನದ ಬೀದಿ ಎಂಬ ಭಾವ ಅಲ್ಲಿ ಸುಲಭವಾಗಿ ಹುಟ್ಟುತ್ತದೆ. ಆದರೆ ಈಗ ಕಾಣುವ ಬೀದಿ ಬಹುಮಟ್ಟಿಗೆ ನಾಲ್ಕನೆಯ ಶತಮಾನದ ಭೂಕಂಪಗಳ ನಂತರ ಹಳೆಯ ಕಂಬ, ಪೀಠಗಳನ್ನೇ ಆಯ್ದು ಮರುಜೋಡಿಸಿದ್ದು. ಅಂದರೆ ಊರು ಕ್ರೈಸ್ತವಾಗುತ್ತಿದ್ದ ಕಾಲದ್ದು. ಬೀದಿಯ ಕೆಳತುದಿಯಲ್ಲಿ ಸಿಕ್ಕ ಒಂದು ಶಾಸನದಲ್ಲಿ ದೇಮೆಯಾಸ್ ಎಂಬಾತ, ಊರದೇವತೆ ಅರ್ತೆಮೀಯನ್ನು ಪಿಶಾಚಿಯೆಂದು ಕರೆದು, ಅವಳ ಮೋಸದ ವಿಗ್ರಹವನ್ನು ಕಿತ್ತು ಆ ಜಾಗದಲ್ಲಿ ಶಿಲುಬೆ ನೆಟ್ಟೆನೆಂದು ಹೆಮ್ಮೆಯಿಂದ ಬರೆಸಿದ್ದಾನೆ. ಅದೇ ಬೀದಿಯ ಮೇಲ್ತುದಿಗೆ ಬನ್ನಿ. ಊರಿನ ಪವಿತ್ರ ಒಲೆ ಉರಿಯುತ್ತಿದ್ದ ಪ್ರಿತಾನಿಯೋನ್ ಕಟ್ಟಡದಲ್ಲಿ 1956ರಲ್ಲಿ ಆಸ್ಟ್ರಿಯದ ಪುರಾತತ್ತ್ವಜ್ಞರಿಗೆ ಅರ್ತೆಮೀಯ ಶಿಲ್ಪಗಳು ಸಿಕ್ಕವು. ಅವುಗಳಲ್ಲಿ 'ಚೆಲುವೆ ಅರ್ತೆಮೀ' ಎಂದು ಕರೆಯುವ ಮೂರ್ತಿಯನ್ನು ಯಾರೋ ಜತನದಿಂದ ಮಲಗಿಸಿ ಮಣ್ಣು ಮುಚ್ಚಿದಂತಿತ್ತು. ಒಬ್ಬ ಒಡೆದು ಹೆಸರು ಕೆತ್ತಿಸಿಕೊಂಡ, ಇನ್ನೊಬ್ಬರು ಹೂತು ಹೆಸರು ಹೇಳದೆ ಹೋದರು. ಒಂದು ಊರು ತನ್ನ ದೇವತೆಯನ್ನು ಬಿಟ್ಟುಕೊಟ್ಟ ಕಥೆಗೆ ಇದಕ್ಕಿಂತ ಮನಮುಟ್ಟುವ ಸಾಕ್ಷ್ಯ ಸಿಗುವುದು ಕಷ್ಟ. ಎರಡೂ ಜಾಗಗಳ ನಡುವೆ ಕೆಲವೇ ನಿಮಿಷದ ನಡಿಗೆ. ಆ ನಿಮಿಷಗಳು ಹೆಚ್ಚಾಗಿ ಖರ್ಚಾಗುವುದು ನೆಲಗಲ್ಲಿನ ಮೇಲೆ ಕೊರೆದ ಒಂದು ಪಾದದ ಗುರುತಿಗೆ. ಅದು ವೇಶ್ಯಾಗೃಹದ ಜಾಹೀರಾತು ಎಂಬ ಕಥೆಗೆ ಗಟ್ಟಿ ಆಧಾರವಿಲ್ಲ. ಆ ಕಥೆಯ 'ವೇಶ್ಯಾಗೃಹ'ಕ್ಕೆ ಅಂಟಿಕೊಂಡೇ ಇರುವ ಸ್ನಾನಗೃಹವನ್ನು ಸ್ಕೊಲಾಸ್ತಿಕಾ ಎಂಬ ಕ್ರೈಸ್ತ ಮಹಿಳೆ ಸ್ವಂತ ಹಣದಿಂದ ನವೀಕರಿಸಿದಳು. ತಲೆಯಿಲ್ಲದ ಆಕೆಯ ಪ್ರತಿಮೆಯೂ ಅಲ್ಲೇ ಇತ್ತು. ದಾಖಲೆಯಿರುವ ಹೆಣ್ಣನ್ನು ಬಿಟ್ಟು ದಾಖಲೆಯಿಲ್ಲದ ಹೆಂಗಸರ ಕಥೆ ಹೇಳುವುದು ಕೇಳುಗರಿಗೂ ಆಕೆಗೂ ಮಾಡುವ ಅನ್ಯಾಯ.

ರಂಗಮಂದಿರದಲ್ಲಿ ತಪ್ಪು ಇನ್ನೂ ನೇರವಾಗಿದೆ. ಪೌಲ ಇಲ್ಲಿ ನಿಂತು ಉಪದೇಶಿಸಿದ ಎಂಬ ಮಾತು ಪ್ರವಾಸಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅಪೊಸ್ತಲರ ಕೃತ್ಯಗಳ ಹತ್ತೊಂಬತ್ತನೆಯ ಅಧ್ಯಾಯ ಹೇಳುವುದೇ ಬೇರೆ: ದೇಮೇತ್ರಿಯನ ಗಲಭೆಯಲ್ಲಿ ಒಳಗೆ ಜನ ಎರಡು ಗಂಟೆ ಅರ್ತೆಮೀಯ ಜಯಕಾರ ಹಾಕುತ್ತಿದ್ದಾಗ ಪೌಲ ಹೋಗಲು ಹೊರಟ, ಶಿಷ್ಯರು ತಡೆದರು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಹಳೆಯ ಬಂದರಿನ ಕಡೆಗೆ, ಮರಿಯಮ್ಮನ ಚರ್ಚಿನ ಅವಶೇಷವಿದೆ. ಹಾದ್ರಿಯಾನ್ ಚಕ್ರವರ್ತಿಯ ದೇಗುಲದ ಅಂಗಳಕ್ಕೆ ಸೇರಿದ, ಸುಮಾರು 260 ಮೀಟರ್ ಉದ್ದದ ಕಂಬಸಾಲೆಯೊಳಗೆ ಕೂರಿಸಿದ ಚರ್ಚು ಅದು. 431ರ ಜೂನ್‌ನಲ್ಲಿ ಕ್ರೈಸ್ತ ಬಿಷಪರ ಮಹಾಸಭೆ ಸೇರಿದ್ದು ಮರಿಯಮ್ಮನ ಹೆಸರಿನ ಚರ್ಚಿನಲ್ಲಿ ಎನ್ನುತ್ತವೆ ಆ ಸಭೆಯ ನಡಾವಳಿಗಳು. ಮರಿಯಳನ್ನು ದೇವಮಾತೆ ಎನ್ನಬಹುದೇ ಎಂಬುದು ಅಲ್ಲಿನ ವಾದ. ಅಂತಿಯೋಕ್ಯದ ಬಿಷಪರು ಬಂದು ತಲುಪುವ ಮೊದಲೇ ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್ ಸಭೆ ಆರಂಭಿಸಿ, ಆ ಹೆಸರನ್ನು ಒಪ್ಪದ ಕಾನ್‌ಸ್ಟಾಂಟಿನೋಪಲ್ಲಿನ ಬಿಷಪ್ ನೆಸ್ತೋರಿಯಸನನ್ನು ಒಂದೇ ದಿನದಲ್ಲಿ ಪದಚ್ಯುತಗೊಳಿಸಿದ. ಆ ತೀರ್ಪನ್ನು ಒಪ್ಪದ ಪರ್ಷಿಯದ ಪೂರ್ವಸಭೆಯಿಂದಲೇ ಶತಮಾನಗಳ ಕಾಲ ಕೇರಳದ ಕ್ರೈಸ್ತರಿಗೆ ಬಿಷಪರು ಬರುತ್ತಿದ್ದರು. ಅಂದರೆ ಎಫೆಸದ ಈ ಮೂಲೆ ನಮ್ಮ ಕರಾವಳಿಯವರೆಗೆ ಕೈಚಾಚಿದೆ. ಹೆಚ್ಚಿನ ಗುಂಪುಗಳು ಮಾತ್ರ ಈ ಮೂಲೆಗೆ ತಿರುಗದೆ ನೇರ ಬಸ್ಸಿನತ್ತ ನಡೆಯುತ್ತವೆ.

ಇಷ್ಟು ಖಚಿತ ಚರಿತ್ರೆಯಿರುವ ಜಾಗವನ್ನು ಬಿಟ್ಟು, ಉಳಿಸಿಕೊಂಡ ಸಮಯವನ್ನು ಬೆಟ್ಟದ ಗುಡಿಗೆ ಕೊಡಲಾಗುತ್ತದೆ. ಹಾಸಿಗೆ ಹಿಡಿದಿದ್ದ ಜರ್ಮನ್ ಸನ್ಯಾಸಿನಿ ಆನ್ ಕ್ಯಾಥರಿನ್ ಎಮ್ಮೆರಿಕ್‌ಳ ದರ್ಶನಗಳನ್ನು ಕವಿ ಬ್ರೆಂಟಾನೊ ಬರೆದುಕೊಂಡ. ಆ ಪುಸ್ತಕ ಹಿಡಿದು ಸ್ಮಿರ್ನಾದ ಪಾದ್ರಿಗಳು 1891ರಲ್ಲಿ ಈ ಪಾಳುಗೋಡೆಗಳನ್ನು ಹುಡುಕಿದರು. 1967ರಿಂದ ಪೋಪರು ಭೇಟಿ ಕೊಟ್ಟಿದ್ದಾರೆ, ಆದರೂ ಇದೇ ಆ ಮನೆ ಎಂದು ಕ್ಯಾಥೊಲಿಕ್ ಸಭೆ ತೀರ್ಪು ಕೊಟ್ಟಿಲ್ಲ. ಯಾತ್ರಿಕರಿಗೆ ಬೇಕಾದದ್ದು ಪ್ರಾರ್ಥನೆಗೊಂದು ನೆಲೆ, ಉತ್ಖನನದ ವರದಿಯಲ್ಲ ಎಂದು ಆಕ್ಷೇಪಿಸಬಹುದು. ಆ ಮಾತಿನಲ್ಲಿ ತೂಕವಿದೆ. ಮುಸ್ಲಿಮರೂ ಹರಕೆ ಕಟ್ಟುವ ಆ ಅಂಗಳದ ಮೌನವನ್ನು ಹಗುರಾಗಿ ಕಾಣಬೇಕಿಲ್ಲ. ಆದರೆ ಭಕ್ತಿಗೆ ಸುಳ್ಳಿನ ಆಸರೆ ಬೇಕೆಂದು ಭಾವಿಸುವುದೇ ಭಕ್ತರನ್ನು ಕಡೆಗಣಿಸಿದಂತೆ. ದರ್ಶನದ ಕಥೆಯನ್ನು ದರ್ಶನವೆಂದೇ ಹೇಳಲಿ. ಪಾದ್ರಿಗಳು ಬರುವ ಮೊದಲೇ ಸುತ್ತಿನ ಹಳ್ಳಿಯ ಗ್ರೀಕ್ ಕ್ರೈಸ್ತರು ಅಲ್ಲಿಗೆ ಯಾತ್ರೆ ಬರುತ್ತಿದ್ದರೆಂಬ ಸ್ಥಳೀಯ ನೆನಪನ್ನೂ, 1923ರ ಜನವಿನಿಮಯದಲ್ಲಿ ಅವರು ಊರು ಬಿಟ್ಟದ್ದನ್ನೂ ಹೇಳಲಿ. ಆಗ ಆ ಗೋಡೆಗಳ ಮುಂದೆ ಮಂಡಿಯೂರುವವರಿಗೆ ತಮಗಿಂತ ಮುಂಚೆ ಮಂಡಿಯೂರಿದವರೂ ಕಾಣುತ್ತಾರೆ.

ಸಮಯವಿಲ್ಲ, ನೆರಳಿಲ್ಲ, ಹಡಗು ಕಾಯುವುದಿಲ್ಲ ಎಂಬ ಉತ್ತರ ಗೈಡ್‌ಗಳ ಬಾಯಲ್ಲಿ ಸಿದ್ಧವಾಗಿರುತ್ತದೆ. ಎರಡು ಗಂಟೆಯಲ್ಲಿ ಎಲ್ಲವನ್ನೂ ತೋರಿಸಲಾಗದು, ನಿಜ. ಆದರೆ ಇಲ್ಲಿ ಕೇಳುತ್ತಿರುವುದು ಹೆಚ್ಚು ಸಮಯವನ್ನಲ್ಲ, ಬೇರೆ ಆಯ್ಕೆಯನ್ನು. ಪಾದದ ಗುರುತಿನ ಮುಂದೆ ನಿಲ್ಲುವಷ್ಟು ಹೊತ್ತು ದೇಮೆಯಾಸನಿಗೆ ಸಾಕು. ಪಕ್ಕದ ಸೆಲ್ಚುಕ್ ಊರಿನ ಮ್ಯೂಸಿಯಮ್ಮಿನಲ್ಲಿ ರೋಮನ್ ಚಕ್ರವರ್ತಿ ಅಗಸ್ಟಸ್ ಮತ್ತು ಲಿವಿಯಾ ದಂಪತಿಯ ಕಲ್ಲಿನ ತಲೆಗಳಿವೆ, ಇಬ್ಬರ ಹಣೆಯ ಮೇಲೂ ಶಿಲುಬೆ ಕೊರೆದಿದೆ. ಅವನ್ನು ನೋಡಲು ಐದು ನಿಮಿಷ ಸಾಕು. ಎಫೆಸದ ದೊಮಿಶಿಯನ್ ಚೌಕದ ಬಳಿ 614-15ರ ಸುಮಾರಿಗೆ ಬೆಂಕಿಗೆ ಕುಸಿದ ಅಂಗಡಿಸಾಲೊಂದು ಸಿಕ್ಕಿರುವುದಾಗಿ 2022ರಲ್ಲಿ ಪುರಾತತ್ತ್ವಜ್ಞರು ಪ್ರಕಟಿಸಿದರು. ಅಲ್ಲೊಂದು ಅಂಗಡಿಯಲ್ಲಿ ಯಾತ್ರಿಕರಿಗೆ ಮಾರಲೆಂದು ಇಟ್ಟಿದ್ದ ನೂರಾರು ಪುಟ್ಟ ಮಣ್ಣಿನ ಕುಪ್ಪಿಗಳಿದ್ದವು, ಕೊರಳಿಗೆ ಕಟ್ಟಿಕೊಳ್ಳುವಂಥವು. ದೇಮೇತ್ರಿಯ ಅರ್ತೆಮೀಯ ಬೆಳ್ಳಿಗುಡಿಗಳನ್ನು ಮಾಡಿ ಮಾರಿದ ಊರಿನಲ್ಲೇ, ಬೆಟ್ಟದ ಗುಡಿಯ ಚಿಲುಮೆಯಿಂದ ಇಂದು ಬಾಟಲಿಯಲ್ಲಿ ನೀರು ತುಂಬಿಕೊಳ್ಳುವವರಿಗೆ ಯಾರಾದರೂ ಆ ಕುಪ್ಪಿಗಳ ಸುದ್ದಿ ಹೇಳಬೇಕು.